ವಿದ್ಯಾಲಯದ ಇರುಳು ಕಾವಲು

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಹಗಲಿನ ಸಂಗತಿಗಳಿಗೇ ಪ್ರಾಶಸ್ತ್ಯ. ಶಿಲಾನ್ಯಾಸ ನೆರವೇರಿದ್ದು, ಮಹಡಿಯ ಮೇಲೆ ಮಹಡಿ ಎದ್ದದ್ದು, ಪರೀಕ್ಷೆಯ ಫಲಿತಾಂಶ, ಕ್ರೀಡಾಕೂಟದ ಬಹುಮಾನ, ಪರಮಪೂಜ್ಯರ ಪಾದಾರ್ಪಣೆ, ದಾನಿಗಳ ಭಾವಚಿತ್ರ ಇವೆಲ್ಲ ಬೆಳಕಿನಲ್ಲಿ ನಡೆದ ಕಾರ್ಯಗಳು. ಬೆಳಕಿನಲ್ಲಿ ತೆಗೆದ ಚಿತ್ರಗಳು. ಆದರೆ ಮಕ್ಕಳನ್ನು ಇರಿಸಿಕೊಂಡು ಓದಿಸುವ ಸಂಸ್ಥೆಯ ಆಯುಷ್ಯದಲ್ಲಿ ಅರ್ಧ ಭಾಗ ರಾತ್ರಿಯದು. ಆ ಅರ್ಧದ ಬಗೆಗೆ ನಾವು ಬರೆಯುವುದಿಲ್ಲ. ಅಲ್ಲಿ ಏನೂ ನಡೆಯಲಿಲ್ಲವೆಂದರೆ ಅದೇ ಯಶಸ್ಸು. ಏನಾದರೂ ನಡೆದರೆ ಅದನ್ನು ಬರೆಯುವ ಧೈರ್ಯ ಸಂಪಾದಕ ಮಂಡಲಿಗೆ ಇರುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡು, ರಾತ್ರಿಯೆಲ್ಲ ಎಚ್ಚರವಿರುವ ಮನುಷ್ಯನೊಬ್ಬನು ನಮ್ಮ ವರದಿಗಳಿಂದ ಹೊರಗೇ ಉಳಿದುಬಿಟ್ಟಿದ್ದಾನೆ. ಅವನ ಕೆಲಸವನ್ನು ಕುರಿತು ಈ ಬಾರಿ ಒಂದೆರಡು ಮಾತು ಹೇಳಬೇಕೆನಿಸಿದೆ.

ಹೆಸರೇ ಹೇಳುವಂತೆ ಗಾಳಿಬೀಡು ಗಾಳಿಗೆ ಬೀಡಾದ ಊರು. ಮಡಿಕೇರಿಯಿಂದ ಕೆಲವೇ ಮೈಲಿಗಳ ದೂರ. ಆದರೆ ಕತ್ತಲಾಯಿತೆಂದರೆ ಆ ಮೈಲಿಗಳು ಉದ್ದವಾಗುತ್ತವೆ. ಜೂನ್ ತಿಂಗಳು ಕಾಲಿಟ್ಟ ಮೇಲೆ ಜಡಿಮಳೆ, ಮಂಜು, ಆಗಾಗ ಕೈಕೊಡುವ ವಿದ್ಯುತ್ತು. ಹತ್ತು ಮಾರು ಆಚೆಗೆ ನಿಂತವನು ಮನುಷ್ಯನೋ ಮರವೋ ಎಂದು ತಿಳಿಯುವಂತಿಲ್ಲ. ಇಂತಹ ಊರಿನಲ್ಲಿಯೇ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದಾದ್ಯಂತ ತಲೆಯೆತ್ತಿದ ವಿದ್ಯಾಲಯಗಳ ಪೈಕಿ ಒಂದಾದ ಇಲ್ಲಿ ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಹುಡುಗರೂ ಹುಡುಗಿಯರೂ ಇದ್ದು ಓದುತ್ತಾರೆ. 2021ರ ಅಕ್ಟೋಬರಿನಲ್ಲಿ ಈ ವಿದ್ಯಾಲಯದ 32 ಮಂದಿ ಮಕ್ಕಳಿಗೆ ಕೊರೊನಾ ಸೋಂಕು ತಗುಲಿದ ವಾರ್ತೆ ಪತ್ರಿಕೆಗಳಲ್ಲಿ ಬಂದಾಗ, ದೂರದಲ್ಲಿದ್ದ ತಾಯ್ತಂದೆಗಳು ಆ ರಾತ್ರಿಗಳನ್ನು ಹೇಗೆ ಕಳೆದಿರಬಹುದೆಂದು ಯಾರೂ ಊಹಿಸಬಹುದು. ಹಗಲಿನ ಶಾಲೆಯಾಗಿದ್ದರೆ ಮಗು ಮನೆಯಲ್ಲಿ ಮಲಗಿರುತ್ತಿತ್ತು. ವಸತಿ ಶಾಲೆಯಲ್ಲಿ ಶಾಲೆಯೇ ಮನೆ, ಮೇಲ್ವಿಚಾರಕರೇ ಮನೆಯವರು. ರಾತ್ರಿ ಎರಡು ಗಂಟೆಗೆ ಜ್ವರದಿಂದ ನರಳುವ ಮಗುವಿನ ದನಿಗೆ ಓಗೊಡುವವರು ಅವರೇ.

ನಮ್ಮ ಮಠಗಳ ಪ್ರಸಾದ ನಿಲಯಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನು ನಾಡು ತ್ರಿವಿಧ ದಾಸೋಹಿಗಳೆಂದು ಕರೆಯಿತು. ಅನ್ನ, ಅಕ್ಷರ, ಆಶ್ರಯ. ಅನ್ನಕ್ಕೆ ಅಡುಗೆಮನೆಯ ಲೆಕ್ಕವಿದೆ, ಅಕ್ಷರಕ್ಕೆ ಪರೀಕ್ಷೆಯ ಅಂಕವಿದೆ. ಆಶ್ರಯ ಎಂಬ ಮೂರನೆಯದಕ್ಕೆ ನಾವು ಇಟ್ಟುಕೊಂಡಿರುವ ಅಳತೆಗೋಲು ಯಾವುದು? ಕೊಠಡಿಗಳ ಸಂಖ್ಯೆಯೆ? ಮಂಚಗಳ ಸಂಖ್ಯೆಯೆ? ಮಗು ಆ ಮಂಚದ ಮೇಲೆ ಭಯವಿಲ್ಲದೆ ಮಲಗಿತೆ ಎಂಬ ಪ್ರಶ್ನೆ ಯಾವ ವಾರ್ಷಿಕ ವರದಿಯಲ್ಲಿಯೂ ಕಾಣಿಸುವುದಿಲ್ಲ.

ಈಚಿನ ವರ್ಷಗಳಲ್ಲಿ ರಾತ್ರಿಯ ಭದ್ರತೆ ಎಂಬ ಮಾತು ಕೇಳಿಬಂದೊಡನೆ ಆಡಳಿತ ಮಂಡಲಿಗಳಿಗೆ ತೋಚುವ ಮೊದಲ ಉಪಾಯವೊಂದಿದೆ: ಹೆಣ್ಣುಮಕ್ಕಳನ್ನು ಬೇಗನೆ ಒಳಗೆ ಕೂಡಿಹಾಕುವುದು. ಇದಕ್ಕೆ ನಮ್ಮ ಕಣ್ಣೆದುರಿನ ದೊಡ್ಡ ನಿದರ್ಶನ ಮೈಸೂರಿನದು. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಇಡೀ ರಾಜ್ಯ ತಲೆತಗ್ಗಿಸಿತು. ಅದರ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಹೊರಬಿತ್ತು. ಸಂಜೆ 6-30ರ ತರುವಾಯ ಮಾನಸಗಂಗೋತ್ರಿಯ ಆವರಣದಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಕೂಡದು. ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗಕೂಡದು. ಭದ್ರತಾ ಸಿಬ್ಬಂದಿ ಪ್ರತಿದಿನ ಸಂಜೆ 6ರಿಂದ 9ರವರೆಗೆ ಗಸ್ತು ತಿರುಗಬೇಕು. ಇದು ಅದರ ತಾತ್ಪರ್ಯ. ವಿದ್ಯಾರ್ಥಿಗಳು, ಮಹಿಳಾ ಸಂಘಟನೆಗಳು, ಪತ್ರಿಕೆಗಳು ಒಟ್ಟಾಗಿ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಾಯಿತು.

ಆ ಸುತ್ತೋಲೆಯನ್ನು ಹೊರಡಿಸಿದವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಹೆದರಿಕೆಯ ಗಳಿಗೆಯಲ್ಲಿ ಬರೆದ ಕಾಗದ ಅದು. ಆದರೆ ಅದರ ವಾಕ್ಯರಚನೆಯನ್ನು ಸ್ವಲ್ಪ ಗಮನಿಸಬೇಕು. ಮೊದಲ ನಿರ್ಬಂಧ ಯಾರ ಮೇಲೆ? ಓದಲು ಬಂದವಳ ಮೇಲೆ. ಗಸ್ತಿನ ಪ್ರಸ್ತಾಪ ಬಂದದ್ದು ಆಮೇಲೆ, ಅದೂ ಮೂರು ಗಂಟೆಗಳ ಮಟ್ಟಿಗೆ. 700 ಎಕರೆಗೂ ಮಿಕ್ಕ ವಿಸ್ತಾರದ ಆವರಣ. ಕುವೆಂಪು ಅವರು ಹೆಸರಿಟ್ಟ ವಿದ್ಯಾಕ್ಷೇತ್ರ. ಅಲ್ಲಿ ಹುಡುಗಿಯೊಬ್ಬಳು ಗ್ರಂಥಾಲಯದಿಂದ ವಸತಿ ನಿಲಯಕ್ಕೆ ಬರಬೇಕಾದರೆ ಸೂರ್ಯನ ಅಪ್ಪಣೆ ಬೇಕು! ಗಸ್ತು ಮೊದಲು ಬಂದು, ದೀಪ ಮೊದಲು ಬಂದು, ಹುಡುಗಿಯ ಓಡಾಟಕ್ಕೆ ಧೈರ್ಯ ಕೊಟ್ಟಿದ್ದರೆ ಅದು ಕಾವಲಾಗುತ್ತಿತ್ತು. ಓಡಾಟವನ್ನೇ ನಿಲ್ಲಿಸಿ, ಖಾಲಿಯಾದ ರಸ್ತೆಗೆ ಕಾವಲು ಹಾಕುವುದು ಬೇರೆಯ ಮಾತು. ಖಾಲಿ ರಸ್ತೆ ಸುರಕ್ಷಿತವೆಂಬುದು ಕೂಡ ಭ್ರಮೆಯೇ. ಹತ್ತು ಜನ ನಡೆದಾಡುವ ದಾರಿಯಲ್ಲಿ ದುರುಳನಿಗೆ ಎದೆ ನಡುಗುತ್ತದೆ. ಒಬ್ಬಳೇ ನಡೆಯಬೇಕಾದ ದಾರಿಯನ್ನು ಅವನು ಕಾಯುತ್ತಾನೆ. ಒಂಬತ್ತು ಮಂದಿಯನ್ನು ಆರೂವರೆಗೆ ಒಳಗೆ ಕಳಿಸಿದರೆ, ಅನಿವಾರ್ಯವಾಗಿ ಹೊರಗೆ ಉಳಿದ ಹತ್ತನೆಯವಳಿಗೆ ಅಪಾಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇದು ಕೇವಲ ನನ್ನ ಅಭಿಪ್ರಾಯವಲ್ಲ. 2012ರ ಡಿಸೆಂಬರಿನ ದೆಹಲಿಯ ಘೋರ ಪ್ರಕರಣದ ಅನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನೇಮಿಸಿದ ಕಾರ್ಯಪಡೆ 2013ರಲ್ಲಿ ‘ಸಕ್ಷಮ್’ ಎಂಬ ವರದಿಯನ್ನು ಕೊಟ್ಟಿತು. ಭದ್ರತೆಯ ನೆಪವೊಡ್ಡಿ ವಿದ್ಯಾರ್ಥಿನಿಯರಿಗೆ ಮಾತ್ರ ತಾರತಮ್ಯದ ನಿಯಮಗಳನ್ನು ವಿಧಿಸಬಾರದೆಂದು ಅದು ಸ್ಪಷ್ಟವಾಗಿ ಹೇಳಿದೆ. ಬೆಳಕು, ಸಾರಿಗೆ, ಶೌಚಾಲಯ, ತರಬೇತಿ ಪಡೆದ ಭದ್ರತಾ ಸಿಬ್ಬಂದಿ ಇವುಗಳ ಕಡೆಗೆ ಅದು ಬೆರಳು ತೋರಿದೆ. ಹೀಗಿದ್ದೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್. ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ರಾತ್ರಿ ಪಾಳಿಯಲ್ಲಿದ್ದ ತರಬೇತಿ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಂದಾಗ, ಅಲ್ಲಿನ ರಾಜ್ಯ ಸರ್ಕಾರ ಹೊರಡಿಸಿದ ಸಲಹೆಗಳ ಪೈಕಿ ಮಹಿಳೆಯರಿಗೆ ರಾತ್ರಿ ಪಾಳಿಯನ್ನು ಆದಷ್ಟೂ ತಪ್ಪಿಸಬೇಕೆಂಬುದೂ ಒಂದಾಗಿತ್ತು. ಆ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಆಕ್ಷೇಪಿಸಿತು. ಭದ್ರತೆ ಕೊಡುವುದು ಸರ್ಕಾರದ ಹೊಣೆ, ಕೆಲಸ ಮಾಡಬೇಡಿ ಎನ್ನುವಂತಿಲ್ಲ ಎಂಬುದು ಅದರ ನಿಲುವು. ಮೈಸೂರಿನ ಸುತ್ತೋಲೆಗೆ ಮೂರು ವರ್ಷ ತುಂಬಿದ ಮೇಲೂ ಅದೇ ತಪ್ಪು ಬೇರೊಂದು ಭಾಷೆಯಲ್ಲಿ ಅಚ್ಚಾಗಿತ್ತು.

ಬೇರೆಯವರ ಮಾತು ಹಾಗಿರಲಿ. ನಮ್ಮ ಪರಂಪರೆಯವರು ಈ ವಿಷಯದಲ್ಲಿ ಎರಡು ಬಾರಿ ಯೋಚಿಸಬೇಕಾದ ಕಾರಣವಿದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದುಹೋದ ಅಕ್ಕಮಹಾದೇವಿಯ ಭಾವಚಿತ್ರವನ್ನು ನಾವು ಪ್ರತಿಯೊಂದು ಬಾಲಿಕಾ ನಿಲಯದ ಪಡಸಾಲೆಯಲ್ಲಿಯೂ ತೂಗುಹಾಕಿದ್ದೇವೆ. ಆ ಚಿತ್ರದ ಕೆಳಗೇ ಸೂಚನಾ ಫಲಕ: ಸಂಜೆ ಆರರ ಮೇಲೆ ಹೊರಗೆ ಹೋಗಕೂಡದು. ಹುಡುಗರಿಗೆ ವಾಚನಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಹುಡುಗಿಯರಿಗೆ ದೀಪ ಹಚ್ಚುವ ಹೊತ್ತಿಗೆ ಮುಚ್ಚುತ್ತದೆ ಎಂಬ ಏರ್ಪಾಟು ಎಷ್ಟು ಸಂಸ್ಥೆಗಳಲ್ಲಿ ಇದೆಯೆಂಬುದನ್ನು ಓದುಗ ಮಹನೀಯರು ತಮ್ಮ ತಮ್ಮ ಅನುಭವದಿಂದಲೇ ಲೆಕ್ಕ ಹಾಕಿಕೊಳ್ಳಬಹುದು. ದಿನಕ್ಕೆ ಮೂರು ಗಂಟೆಯ ಓದು ಎಂದರೆ ವಾರಕ್ಕೆ ಇಪ್ಪತ್ತೊಂದು ಗಂಟೆ. ಹುಡುಗಿಯರು ಅಷ್ಟನ್ನು ಕಳೆದುಕೊಂಡೂ ಫಲಿತಾಂಶದಲ್ಲಿ ಮುಂದಿರುವುದು ಅವರ ದೊಡ್ಡತನ. ನಮ್ಮ ವ್ಯವಸ್ಥೆಯ ದೊಡ್ಡತನವಲ್ಲ. ಸಣ್ಣ ವಯಸ್ಸಿನ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಒಂದು ಹೊತ್ತು ಗೊತ್ತು ಇರಬೇಕಾದದ್ದು ಸರಿಯೇ. ನಿಯಮ ಇಬ್ಬರಿಗೂ ಒಂದೇ ಆಗಿರಲಿ, ವಾಚನಾಲಯದಿಂದ ನಿಲಯದವರೆಗಿನ ದಾರಿಯನ್ನು ಸಂಸ್ಥೆ ಕಾಯಲಿ ಎಂಬುದಷ್ಟೇ ನನ್ನ ವಾದ.

ಆ ದಾರಿಯೆಂಬುದು ಅಲ್ಪ ವಿಷಯವಲ್ಲ. 2013ರ ಜೂನ್ 20ರ ರಾತ್ರಿ ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳನ್ನು ಅಪಹರಿಸಿದ್ದು ಆಕೆ ಗ್ರಂಥಾಲಯದಲ್ಲಿ ಓದಿ ಹೊರಟ ಮೇಲೆ. ಗ್ರಂಥಾಲಯದಲ್ಲಿ ಜನರಿದ್ದರು, ನಿಲಯದಲ್ಲಿಯೂ ಜನರಿದ್ದರು. ಇಲ್ಲದಿದ್ದದ್ದು ನಡುವಿನ ರಸ್ತೆಯಲ್ಲಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಸಾಮೂಹಿಕ ಅತ್ಯಾಚಾರವನ್ನು ನೆನೆದರೂ ಇದೇ ಪಾಠ. ಸಾವಿರ ಎಕರೆಗೂ ಹೆಚ್ಚಿನ ಆ ನೆಲದ ನಡುವೆ ಸಾರ್ವಜನಿಕ ರಸ್ತೆಗಳೇ ಹಾದುಹೋಗಿವೆ. ಅಲ್ಲಿ ಹೊರಗು ಯಾವುದು, ಒಳಗು ಯಾವುದು ಎಂಬ ಗೆರೆಯೇ ಅಳಿಸಿಹೋಗಿದೆ. 2022ರಲ್ಲಿ ಅದೇ ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಕ್ಕಿ ಮುಂದೆ ಅಸುನೀಗಿದಾಗ, ಹೊರಗಿನ ವಾಹನಗಳನ್ನು ತಡೆಯಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು.

ಗೋಡೆ ಎತ್ತರಿಸಿದರೆ ಸಾಕೆನ್ನುವವರಿಗೆ ಕೊಡಗಿನ ನೆಲವೇ ಉತ್ತರ ಹೇಳುತ್ತದೆ. ಇಲ್ಲಿನ ತೋಟ ಗದ್ದೆಗಳ ನಡುವೆ ಹಿಂದಿನವರು ತೋಡಿದ ಕಡಂಗಗಳು ಇಂದಿಗೂ ಮೈಲಿಗಟ್ಟಲೆ ಉಳಿದಿವೆ. ಹಾಲೇರಿ ಅರಸರ ಕಾಲದಲ್ಲಿ ದಾರಿಗಳಿಗೆ ಉಕ್ಕಡಗಳಿದ್ದವು, ಉಕ್ಕಡದಲ್ಲಿ ಆಳುಗಳಿದ್ದರು. ಆಳಿದ್ದಷ್ಟು ದಿನ ಕಡಂಗ ಕೋಟೆಯಾಗಿತ್ತು. ಆಳು ಹೋದ ಮೇಲೆ ಅದು ಮಳೆನೀರು ನಿಲ್ಲುವ ಹಳ್ಳ. ನಮ್ಮ ಸಂಸ್ಥೆಗಳ ಆವರಣ ಗೋಡೆಗಳ ಮೇಲೆ ಚುಚ್ಚಿರುವ ಗಾಜಿನ ಚೂರುಗಳನ್ನೂ ಕಂಬಕ್ಕೊಂದರಂತೆ ನೆಟ್ಟಿರುವ ಕ್ಯಾಮೆರಾಗಳನ್ನೂ ನೋಡಿದಾಗ ನನಗೆ ಈ ಕಡಂಗಗಳ ನೆನಪಾಗುತ್ತದೆ. ಕ್ಯಾಮೆರಾ ಬೇಡವೆನ್ನುವ ಹಠ ನನಗಿಲ್ಲ. ನಡೆದುಹೋದದ್ದನ್ನು ಮರುದಿನ ತೋರಿಸಲು ಅದು ಬೇಕು. ಆದರೆ ನಡೆಯುತ್ತಿರುವಾಗ ಓಡಿಬರಲು ಅದಕ್ಕೆ ಕಾಲಿಲ್ಲ. ಅಲ್ಲದೆ ಗಾಳಿಬೀಡಿನಂತಹ ಕಡೆ ಜುಲೈ ತಿಂಗಳಲ್ಲಿ ಮಂಜು ಕವಿದ ರಾತ್ರಿ, ವಿದ್ಯುತ್ತು ಹೋದ ಹೊತ್ತು, ಕ್ಯಾಮೆರಾಕ್ಕೆ ಕಾಣುವುದೇನು? ಬಿಳಿಯ ಗೋಡೆ.

ಆದುದರಿಂದ ಮಾತು ಮತ್ತೆ ಮನುಷ್ಯನಿಗೇ ಬಂದು ನಿಲ್ಲುತ್ತದೆ. ಕಲ್ಯಾಣದ ಶರಣರ ಬಳಗದಲ್ಲಿ ತಳವಾರ ಕಾಮಿದೇವಯ್ಯ ಎಂಬೊಬ್ಬ ಶರಣರಿದ್ದರು. ತಳವಾರಿಕೆ ಅವರ ಕಾಯಕ. ಊರು ಮಲಗಿದಾಗ ಎದ್ದಿರುವ ಕಾಯಕವನ್ನು ಆ ಕಾಲದ ಶರಣರು ಮಂತ್ರಿಯ ಕಾಯಕದ ಪಕ್ಕದಲ್ಲಿಯೇ ಕೂರಿಸಿದರು. ನಾವು? ಕಾವಲುಗಾರನನ್ನು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಲಗಿಸಿ, ಹಗಲು ತೋಟಕ್ಕೆ ನೀರು ಹಾಯಿಸಲು, ಗಣ್ಯರು ಬಂದಾಗ ಕುರ್ಚಿ ಹೊರಲು, ಅಂಚೆ ತರಲು ಬಳಸಿಕೊಂಡು, ರಾತ್ರಿ ಅವನು ತೂಕಡಿಸಿದನೆಂದು ಗದರಿಸುತ್ತೇವೆ.

ಇಲ್ಲೊಂದು ಸರಳವಾದ ಗಣಿತವಿದೆ. ಗಣಿತದ ಉಪಾಧ್ಯಾಯರು ಮಕ್ಕಳಿಗೆ ಕೊಡಬಹುದಾದಷ್ಟು ಸರಳ. ಸಂಜೆ ಆರರಿಂದ ಬೆಳಗಿನ ಆರರವರೆಗೆ ಹನ್ನೆರಡು ಗಂಟೆ. ವಾರಕ್ಕೆ 84 ಗಂಟೆ. ಒಬ್ಬ ದುಡಿಯುವ ಮನುಷ್ಯನಿಗೆ ನಾವು ನ್ಯಾಯವೆಂದು ಒಪ್ಪಿಕೊಂಡಿರುವ ವಾರದ ದುಡಿಮೆ 48 ಗಂಟೆ. ಅಂದರೆ ಒಂದೇ ಒಂದು ಬಾಗಿಲನ್ನು ರಾತ್ರಿ ಮಾತ್ರ ಕಾಯಬೇಕಾದರೂ ಇಬ್ಬರು ಬೇಕು; ರಜೆ, ಜ್ವರ, ಮನೆಯ ಮದುವೆ ಎಂದು ಇವರಲ್ಲೊಬ್ಬರು ಹೋದಾಗ ನಿಲ್ಲಲು ಮೂರನೆಯವನೊಬ್ಬ ಬೇಕು. ಹಗಲೂ ರಾತ್ರಿ ಕಾಯಬೇಕಾದರೆ ವಾರದ 168 ಗಂಟೆಗೆ ಮೂರೂವರೆ ಆಳು, ಎಂದರೆ ನಾಲ್ವರು. ನಮ್ಮ ಬಹುಪಾಲು ನಿಲಯಗಳಲ್ಲಿ ಇರುವವನು ಒಬ್ಬ. ಮಿಕ್ಕ ಮೂವರನ್ನು ಅವನೊಬ್ಬನಲ್ಲಿಯೇ ಹುಡುಕುತ್ತಿದ್ದೇವೆ. ಮನುಷ್ಯನ ದೇಹಕ್ಕೆ ಎರಡರಿಂದ ಐದು ಗಂಟೆಯ ನಡುವೆ ನಿದ್ರೆಯ ಸೆಳೆತ ಅತ್ಯಂತ ಬಲವಾಗಿರುತ್ತದೆ. ಬಯಲಾಟ ನೋಡಿ ಎಚ್ಚರವಿದ್ದವರೆಲ್ಲರಿಗೂ ಇದು ಗೊತ್ತು. ಆ ಹೊತ್ತಿನಲ್ಲಿ ಒಬ್ಬಂಟಿಯಾಗಿ ಕುರ್ಚಿಯ ಮೇಲೆ ಕುಳಿತವನು ನಿದ್ರಿಸದಿದ್ದರೆ ಅದು ಪವಾಡ. ಇಬ್ಬರಿದ್ದರೆ, ಒಬ್ಬ ಬಾಗಿಲಲ್ಲಿದ್ದು ಇನ್ನೊಬ್ಬ ಸುತ್ತು ಹಾಕಿ, ಗಂಟೆಗೊಮ್ಮೆ ಬದಲಾಯಿಸಿಕೊಂಡರೆ, ಪವಾಡದ ಅಗತ್ಯವೇ ಇಲ್ಲ. ಹಿಂದೆ ಕಾರ್ಖಾನೆಗಳಲ್ಲಿ ಗೋಡೆಯ ಮೂಲೆ ಮೂಲೆಗೂ ಒಂದೊಂದು ಬೀಗದ ಕೈಯನ್ನು ಸರಪಣಿ ಹಾಕಿ ಕಟ್ಟಿರುತ್ತಿದ್ದರು. ಕಾವಲುಗಾರ ತನ್ನ ಕೊರಳಿನ ಗಡಿಯಾರದಲ್ಲಿ ಆ ಕೈಯನ್ನು ತಿರುಗಿಸಿದರೆ ಒಳಗಿನ ಕಾಗದದ ಮೇಲೆ ಹೊತ್ತು ಮುದ್ರೆಯಾಗುತ್ತಿತ್ತು. ಈಗ ಅದೇ ಕೆಲಸವನ್ನು ಮೊಬೈಲು ಮಾಡುತ್ತದೆ. ಒಳ್ಳೆಯದೇ. ಆದರೆ ಅವನು ಅಲ್ಲಿಗೆ ಹೋದನೆಂದು ಮಾತ್ರ ಅದು ಹೇಳುತ್ತದೆ. ಹೋಗಿ ಏನು ನೋಡಿದನೆಂದು ಕೇಳುವವರು ಬೆಳಗ್ಗೆ ಒಬ್ಬರಿರಬೇಕಾಗುತ್ತದೆ.

ತರಬೇತಿಯ ವಿಷಯ. ಖಾಸಗಿ ಭದ್ರತಾ ಸಂಸ್ಥೆಗಳ ಮೂಲಕ ಆಳುಗಳನ್ನು ಪಡೆಯುವುದಾದರೆ 2005ರ ಕಾಯಿದೆಯೊಂದಿದೆ. ಅದರ ಕೇಂದ್ರ ಮಾದರಿ ನಿಯಮಗಳು ಹೊಸಬರಿಗೆ 100 ಗಂಟೆಯ ಪಾಠ, 60 ಗಂಟೆಯ ಪ್ರತ್ಯಕ್ಷ ಅಭ್ಯಾಸವನ್ನು ವಿಧಿಸಿವೆ. ಮಾಜಿ ಸೈನಿಕರಿಗೆ ಮತ್ತು ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ ಸಾಕು. ಗುತ್ತಿಗೆದಾರನು ಕಳಿಸಿದ ಆಳಿಗೆ ಈ ಶಿಕ್ಷಣ ಆಗಿದೆಯೇ ಎಂದು ಕೇಳುವ ಕಾರ್ಯದರ್ಶಿಗಳು ವಿರಳ. ಕೇಳುವುದು ಗಂಟೆಗೆ ಎಷ್ಟು ಎಂಬುದನ್ನು. ಸಂಸ್ಥೆಯೇ ನೇರವಾಗಿ ನೇಮಿಸಿಕೊಳ್ಳುವುದಾದರೆ ಈ ಕಾಯಿದೆಯ ಪರವಾನಗಿ ಬೇಕಾಗುವುದಿಲ್ಲ, ಆದರೆ ತರಬೇತಿ ಬೇಡವೆಂದು ಅರ್ಥವಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರನ್ನು ಕೊಟ್ಟ ಜಿಲ್ಲೆಯಲ್ಲಿ ನಿವೃತ್ತ ಸೈನಿಕರಿಗೆ ಬರಗಾಲವಿಲ್ಲ. ಅಂಥವರಲ್ಲಿ ಒಬ್ಬರು ಮುಂದೆ ನಿಂತರೆ ಐದಾರು ತರುಣರನ್ನು ತಯಾರು ಮಾಡಬಹುದು. ಕೋವಿಯ ಪ್ರಸ್ತಾಪ ಮಾತ್ರ ಬೇಡ. ಕೊಡಗಿನಲ್ಲಿ ಕೋವಿಗೆ ಪೂಜೆಯ ಗೌರವವಿದೆ, ಮನೆ ಮನೆಯಲ್ಲಿಯೂ ಅದಕ್ಕೆ ಗೂಟವಿದೆ. ಆದರೂ ಮಕ್ಕಳು ಮಲಗುವ ಆವರಣದಲ್ಲಿ, ಮಂಜಿನಲ್ಲಿ, ನಿದ್ದೆಗಣ್ಣಿನವನ ಕೈಯಲ್ಲಿ ಅದು ಇರಕೂಡದು. ಟಾರ್ಚು, ಸೀಟಿ, ಗಟ್ಟಿಯಾದ ಕೊಡೆ, ಮೊಣಕಾಲವರೆಗಿನ ಬೂಟು, ಚಾರ್ಜು ತುಂಬಿದ ಫೋನು, ಮತ್ತು 112 ಎಂಬ ಸಂಖ್ಯೆ. ಇಷ್ಟು ಸಾಕು. ಹುಡುಗಿಯರ ನಿಲಯದ ಒಳಬಾಗಿಲಿಗೆ ಹೆಂಗಸರೇ ಕಾವಲಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ಒಂದು ಅಹಿತವಾದ ಮಾತು. ಅಪಾಯ ಯಾವಾಗಲೂ ಗೋಡೆಯ ಆಚೆಯಿಂದಲೇ ಬರುತ್ತದೆಂದು ನಾವು ನಂಬಿದ್ದೇವೆ. ಕೋಲ್ಕತ್ತದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದವನು ಆ ಊರಿನ ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ ಸ್ವಯಂಸೇವಕ. ಆಸ್ಪತ್ರೆಯ ಒಳಗೆ ತಡೆಯಿಲ್ಲದೆ ಓಡಾಡುತ್ತಿದ್ದವನು. ಅಮೆರಿಕದ ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ 1986ರಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿ ತನ್ನ ಕೊಠಡಿಯಲ್ಲಿಯೇ ಕೊಲೆಯಾದಳು. ಕೊಂದವನು ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ತಾವಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳಿಗೆ ಯಾರೋ ಅಡ್ಡ ಇಟ್ಟು ತೆರೆದು ಬಿಟ್ಟಿದ್ದರು. ಅವಳ ತಾಯ್ತಂದೆಗಳ ಹೋರಾಟದಿಂದ 1990ರಲ್ಲಿ ಅಲ್ಲೊಂದು ಕಾಯಿದೆ ಬಂತು. ತಮ್ಮ ಆವರಣದಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಕಾಲೇಜುಗಳು ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕು. ದಿನದಿನದ ದಾಖಲೆಯನ್ನು ಕೇಳಿದವರಿಗೆ ತೋರಿಸಲೇಬೇಕು. ನಮ್ಮಲ್ಲಿ ಪದ್ಧತಿ ತಿರುವುಮುರುವು. ಸಂಸ್ಥೆಯ ಹೆಸರಿಗೆ ಕಳಂಕ ಬಾರದಿರಲೆಂದು ಮೊದಲು ಬಾಗಿಲು ಮುಚ್ಚುತ್ತೇವೆ, ಆಮೇಲೆ ಮಗುವಿನ ಬಾಯಿ.

ಕಾನೂನು ಇದಕ್ಕೆ ಅವಕಾಶವಿಟ್ಟಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯ ಪ್ರಕಾರ, ಇಂತಹ ಕೃತ್ಯ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ. ತನ್ನ ಅಧೀನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಉಪಾಧ್ಯಾಯ, ಅಡುಗೆಯವ, ಕಾವಲುಗಾರ, ಆಡಳಿತಾಧಿಕಾರಿ, ಕಾಷಾಯ ಧರಿಸಿದವರು, ಕೋಟು ಧರಿಸಿದವರು ಎಂಬ ಭೇದ ಆ ಕಾಯಿದೆಯಲ್ಲಿ ಇಲ್ಲ. ಧರ್ಮಸಂಸ್ಥೆಗಳು ನಡೆಸುವ ನಿಲಯಗಳಲ್ಲಿ ಮಕ್ಕಳು ಹೆಚ್ಚು ಭಕ್ತಿಯಿಂದಿರುತ್ತಾರೆ. ಭಕ್ತಿಯಿರುವ ಕಡೆ ಪ್ರಶ್ನಿಸುವ ನಾಲಿಗೆ ಹಿಂದೆಗೆಯುತ್ತದೆ. ಆದ್ದರಿಂದ ಇತರರಿಗಿಂತ ನಮಗೆ ಎಚ್ಚರಿಕೆ ಹೆಚ್ಚು ಬೇಕು. ರಾತ್ರಿ ಹತ್ತರ ಮೇಲೆ ಮಕ್ಕಳ ಮಲಗುವ ಮನೆಗೆ ಯಾರು ಹೋದರು, ಯಾಕೆ ಹೋದರು, ಎಷ್ಟು ಹೊತ್ತಿಗೆ ಹೊರಗೆ ಬಂದರು ಎಂಬುದನ್ನು ಕಾವಲುಗಾರನು ಪುಸ್ತಕದಲ್ಲಿ ಬರೆಯಬೇಕು. ಹೋದವರು ಎಷ್ಟೇ ದೊಡ್ಡವರಾಗಲಿ ಬರೆಯಬೇಕು. ಹಾಗೆ ಬರೆದದ್ದಕ್ಕಾಗಿ ಅವನ ಕೆಲಸ ಹೋಗುವುದಿಲ್ಲವೆಂಬ ಭರವಸೆ ಅವನಿಗೆ ಲಿಖಿತವಾಗಿ ಇರಬೇಕು. ಆ ಪುಸ್ತಕವನ್ನು ತಿಂಗಳಿಗೊಮ್ಮೆ ಸಂಸ್ಥೆಯ ಸಂಬಳ ಪಡೆಯದ ಯಾರಾದರೊಬ್ಬರು, ಪೋಷಕರಲ್ಲಿ ಒಬ್ಬ ತಾಯಿಯಾದರೆ ಇನ್ನೂ ಉತ್ತಮ, ಓದಿ ರುಜು ಹಾಕಬೇಕು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಕ್ಕಳು ಓಡಾಡುವ ಕಡೆ ಬರೆಸಬೇಕು. ಆಡಳಿತ ಕಚೇರಿಯ ಒಳಗೋಡೆಯ ಮೇಲಲ್ಲ.

ಬೀಗದ ಕೈಯ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ. ದಕ್ಷಿಣ ಅಮೆರಿಕದ ಗಯಾನಾ ದೇಶದ ಮಹ್ದಿಯಾ ಎಂಬಲ್ಲಿ 2023ರ ಮೇ ತಿಂಗಳ ಒಂದು ರಾತ್ರಿ ಶಾಲೆಯೊಂದರ ಬಾಲಿಕಾ ನಿಲಯಕ್ಕೆ ಬೆಂಕಿ ಬಿತ್ತು. ಹುಡುಗಿಯರು ಹೊರಗೆ ಹೋಗದಿರಲೆಂದು ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಕಬ್ಬಿಣದ ಸರಳು. ಗಾಬರಿಯಲ್ಲಿ ಮೇಲ್ವಿಚಾರಕಿಗೆ ಬೀಗದ ಕೈ ಸಿಗಲಿಲ್ಲ. 20 ಮಕ್ಕಳು ಸುಟ್ಟು ಸತ್ತರು. 2001ರಲ್ಲಿ ಕೀನ್ಯಾ ದೇಶದ ಕ್ಯಾಂಗುಲಿ ಎಂಬಲ್ಲಿ ಹುಡುಗರ ನಿಲಯಕ್ಕೆ ಬೆಂಕಿಯಿಟ್ಟಾಗಲೂ ಬೀಗ ಹಾಕಿದ ಬಾಗಿಲು, ಸರಳು ಹಾಕಿದ ಕಿಟಕಿ, ಸತ್ತವರು 67. ಎರಡು ಕಡೆಯೂ ಬೀಗ ಹಾಕಿದವರು ಮಕ್ಕಳ ಹಿತವನ್ನೇ ಬಯಸಿದ್ದರು. ನಮ್ಮ ಎಷ್ಟು ನಿಲಯಗಳಲ್ಲಿ ಹೊರಗಿನಿಂದ ಬೀಗ ಬೀಳುತ್ತದೆ? ಆ ಬೀಗದ ಕೈ ಎಲ್ಲಿರುತ್ತದೆ? ಮೇಲ್ವಿಚಾರಕರ ಸೊಂಟದಲ್ಲಿ, ಮೇಲ್ವಿಚಾರಕರು ಊರಿಗೆ ಹೋಗಿದ್ದರೆ? ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು, ತೆರೆದರೆ ಗಂಟೆ ಬಾರಿಸುವಂತಿರಬೇಕು. ಒಬ್ಬ ಸಾಧಾರಣ ಎಲೆಕ್ಟ್ರಿಷಿಯನ್ ಮಧ್ಯಾಹ್ನದೊಳಗೆ ಮಾಡಿಕೊಡಬಹುದಾದ ಕೆಲಸ ಇದು. ಗಂಟೆಯ ಸದ್ದಿಗೆ ಕಾವಲುಗಾರ ಓಡಿಬರಲಿ. ಕದ್ದು ಹೊರಟ ಹುಡುಗನನ್ನು ಹಿಡಿಯುವುದೂ ಆಯಿತು, ಬೆಂಕಿ ಬಿದ್ದರೆ ನೂರು ಮಕ್ಕಳು ಹೊರಗೆ ಬರುವುದೂ ಆಯಿತು.

ಕೊಡಗಿನಲ್ಲಿ ಇರುಳು ಕಾವಲುಗಾರನಿಗೆ ಬಯಲುಸೀಮೆಯಲ್ಲಿ ಇಲ್ಲದ ಇನ್ನೊಂದು ಕೆಲಸವೂ ಇದೆ. ಇಲ್ಲಿ ಬೆಟ್ಟವನ್ನೂ ಕಾಯಬೇಕು. 2018ರ ಆಗಸ್ಟ್‌ನಲ್ಲಿ ಗಾಳಿಬೀಡು, ಕಾಲೂರು, ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲ ಈ ಸುತ್ತಿನಲ್ಲೆಲ್ಲ ಬರೆ ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದದ್ದನ್ನು ಇಲ್ಲಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆ ಮಣ್ಣುಪಾಲಾದದ್ದು ರಾತ್ರಿಯ ಹೊತ್ತಿನಲ್ಲಿ. ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ 2024ರ ಜುಲೈ 30ರಂದು ಗುಡ್ಡ ಹರಿದು ಬಂದು 200ಕ್ಕೂ ಹೆಚ್ಚು ಜನ ಮಡಿದದ್ದೂ ನಡುರಾತ್ರಿಯ ತರುವಾಯವೇ. ಅಲ್ಲಿನ ವೆಳ್ಳಾರ್‌ಮಲ ಶಾಲೆಯ ಕಟ್ಟಡ ಪ್ರವಾಹಕ್ಕೆ ಸಿಕ್ಕಿ ಹಾಳಾಯಿತು. ಅದು ಹಗಲಿನ ಶಾಲೆ. ಆ ಹೊತ್ತಿನಲ್ಲಿ ತರಗತಿಗಳು ಬರಿದಾಗಿದ್ದವು. ವಸತಿ ಶಾಲೆಯಾಗಿದ್ದರೆ ಎಂದು ಯೋಚಿಸಲು ಕೂಡ ಮನಸ್ಸು ಹಿಂಜರಿಯುತ್ತದೆ.

ಬೆಟ್ಟ ಕುಸಿಯುವ ಮುನ್ನ ಎಷ್ಟೋ ಸಲ ಸೂಚನೆ ಕೊಡುತ್ತದೆಂಬುದು ಹಳ್ಳಿಗರ ತಿಳಿವಳಿಕೆ. ಭೂವಿಜ್ಞಾನಿಗಳೂ ಅದನ್ನು ಅಲ್ಲಗಳೆಯುವುದಿಲ್ಲ. ತಿಳಿಯಾಗಿದ್ದ ಒರತೆ ಕೆಂಪಗೆ ಕದಡುವುದು, ಇಲ್ಲದ ಕಡೆ ಹೊಸದಾಗಿ ನೀರು ಜಿನುಗುವುದು, ಹರಿಯುತ್ತಿದ್ದ ತೊರೆ ಒಮ್ಮೆಗೇ ಸಣ್ಣದಾಗುವುದು, ನೆಟ್ಟಗಿದ್ದ ಕಂಬ ಅಥವಾ ಮರ ವಾಲುವುದು, ನೆಲದಲ್ಲಿ ಬಿರುಕು, ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದು. ಇವುಗಳನ್ನು ರಾತ್ರಿಯ ಹೊತ್ತು ನೋಡಬಲ್ಲವನು ಟಾರ್ಚು ಹಿಡಿದು ನಿಲಯದ ಹಿಂಬದಿಯ ಬರೆಯನ್ನು ಸುತ್ತುವ ಮನುಷ್ಯನೊಬ್ಬನೇ. ಮಳೆಮಾಪಕವೊಂದನ್ನು ಅಂಗಳದಲ್ಲಿಟ್ಟು, ಮೂರು ಗಂಟೆಗೊಮ್ಮೆ ಅಳತೆ ಬರೆದಿಡಲು ಅವನಿಗೆ ಕಲಿಸಬಹುದು. ಕಾಫಿ ತೋಟದ ರೈಟರುಗಳು ಪ್ರತಿ ಬೆಳಗ್ಗೆ ಮಾಡುವ ಕೆಲಸವೇ ಇದು. ಆದರೆ ಅಳತೆ ಮಿತಿಮೀರಿದಾಗ ಅಥವಾ ಒರತೆ ಕೆಂಪಾದಾಗ ಅವನು ಏನು ಮಾಡಬೇಕು? ಮೇಲ್ವಿಚಾರಕರನ್ನು ಎಬ್ಬಿಸಬೇಕೆ, ಅವರು ಮುಖ್ಯೋಪಾಧ್ಯಾಯರಿಗೆ ಫೋನು ಮಾಡಬೇಕೆ, ಅವರು ಕಾರ್ಯದರ್ಶಿಗಳ ಅಪ್ಪಣೆ ಪಡೆಯಬೇಕೆ? ಅಷ್ಟರಲ್ಲಿ ಬೆಟ್ಟ ಕಾಯುವುದಿಲ್ಲ. ಗಂಟೆ ಬಾರಿಸಿ ಮಕ್ಕಳನ್ನು ಎಬ್ಬಿಸಿ, ಮೊದಲೇ ಗೊತ್ತುಮಾಡಿದ ಎತ್ತರದ ಬಯಲಿಗೆ ಕರೆದೊಯ್ಯುವ ಅಧಿಕಾರ ಆ ಕಾವಲುಗಾರನಿಗೇ ಇರಬೇಕು. ಹತ್ತು ಸಲ ಸುಮ್ಮನೆ ಎಬ್ಬಿಸಿದರೂ ಯಾರೂ ಅವನನ್ನು ಗದರಿಸಕೂಡದು. ಮಕ್ಕಳಿಗೆ ಒಂದು ರಾತ್ರಿಯ ನಿದ್ರೆ ಕೆಟ್ಟರೆ ಮರುದಿನ ಬೆಳಗಿನ ಪಾಠ ಒಂದು ಗಂಟೆ ತಡವಾಗಿ ಆರಂಭವಾಗಲಿ.

ಇಷ್ಟಕ್ಕೆಲ್ಲ ಹಣ ಬೇಕು. ಇಲ್ಲಿ ದಾನಿ ಮಹನೀಯರು ಮುನಿಯದೆ ಕೇಳಬೇಕಾಗಿ ವಿನಂತಿ. ಮಹಾದ್ವಾರಕ್ಕೆ ದಾನಿಗಳು ದೊರೆಯುತ್ತಾರೆ. ದ್ವಾರದಲ್ಲಿ ನಿಲ್ಲುವವನ ಸಂಬಳಕ್ಕೆ ದೊರೆಯುವುದಿಲ್ಲ. ಅಮೃತಶಿಲೆಯ ಮೇಲೆ ಹೆಸರು ಕೆತ್ತಬಹುದು, ಸಂಬಳದ ಪಟ್ಟಿಯ ಮೇಲೆ ಕೆತ್ತಲಾಗುವುದಿಲ್ಲವೆಂಬುದು ಇದಕ್ಕೆ ಕಾರಣವಿರಬಹುದು. ನಮ್ಮಲ್ಲಿ ನಿತ್ಯ ದಾಸೋಹಕ್ಕೆ ದತ್ತಿಗಳಿವೆ. ಮಗನ ಹುಟ್ಟುಹಬ್ಬಕ್ಕೆ, ತಂದೆಯ ಸ್ಮರಣೆಗೆ, ಒಂದು ದಿನದ ಪ್ರಸಾದದ ವೆಚ್ಚವನ್ನು ಮೂಲಧನವಾಗಿ ಇಡುವ ಒಳ್ಳೆಯ ಪದ್ಧತಿ ಎಷ್ಟೋ ಮಠಗಳಲ್ಲಿ ಬೇರೂರಿದೆ. ಅದೇ ಮಾದರಿಯಲ್ಲಿ ಒಂದು ರಾತ್ರಿಯ ಕಾವಲಿನ ದತ್ತಿಯೇಕೆ ಆಗಬಾರದು? ಇಬ್ಬರು ಕಾವಲುಗಾರರು ಮತ್ತು ಒಬ್ಬ ಕಾವಲುಗಾರ್ತಿಯ ಒಂದು ರಾತ್ರಿಯ ನ್ಯಾಯವಾದ ವೇತನ, ದಾರಿಯ ದೀಪದ ಖರ್ಚು, ಅಷ್ಟಕ್ಕೆ ಬಡ್ಡಿ ಬರುವಷ್ಟು ಮೂಲಧನ. ಇಂತಹ 365 ದತ್ತಿಗಳು ಕೂಡಿದರೆ ನಿಲಯ ವರ್ಷವಿಡೀ ನಿಶ್ಚಿಂತೆಯಿಂದ ಮಲಗುತ್ತದೆ. ಹಳೆಯ ವಿದ್ಯಾರ್ಥಿಗಳು ದೊಡ್ಡ ಮೊತ್ತಕ್ಕಾಗಿ ಕಾಯಬೇಕಾಗಿಲ್ಲ; ತಾವು ಓದುತ್ತಿದ್ದಾಗ ಹೆದರಿ ಎಚ್ಚರವಿದ್ದ ಯಾವುದಾದರೂ ಒಂದು ರಾತ್ರಿಯ ತಾರೀಖನ್ನು ಆರಿಸಿಕೊಂಡರೆ ಆಯಿತು.

ಉಪಾಧ್ಯಾಯ ಬಂಧುಗಳಿಂದ ಹಣ ಬೇಡ, ಹೊತ್ತು ಬೇಕು. ಆವರಣದಲ್ಲಿಯೇ ವಾಸವಿರುವವರು ಸರದಿಯಂತೆ ವಾರಕ್ಕೊಂದು ರಾತ್ರಿ, ಹತ್ತರ ಮೇಲೊಮ್ಮೆ, ನಾಲ್ಕರ ಹೊತ್ತಿಗೊಮ್ಮೆ, ಕಾವಲುಗಾರನ ಜೊತೆ ಒಂದು ಸುತ್ತು ಹಾಕಬಹುದು. ತಪಾಸಣೆಗೆಂದು ಬೇಡ, ಜೊತೆಗೆಂದು. ಆರಿಹೋದ ದೀಪ, ಜಾರುವ ಮೆಟ್ಟಿಲು, ಅಗುಳಿ ಕಳಚಿದ ಸ್ನಾನಗೃಹದ ಬಾಗಿಲು, ಬೇಲಿಯ ಕಂಡಿ ಇವು ಹಗಲಿನ ಪರಿಶೀಲನೆಗೆ ಎಂದೂ ಸಿಕ್ಕವಲ್ಲ. ಎಲ್ಲಕ್ಕಿಂತ ಮೊದಲು ಯಾವ ಜಾಗದಲ್ಲಿ ತಮಗೆ ಭಯವಾಗುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. ಹೆಸರು ಬರೆಯದ ಚೀಟಿಯಲ್ಲಿ ಕೇಳಿದರೆ ಆರನೆಯ ತರಗತಿಯ ಹುಡುಗನೂ ನಿಜ ಹೇಳುತ್ತಾನೆ. ಮುಂಗಾರು ಹಿಡಿಯುವುದಕ್ಕೆ ಮುಂಚೆ, ಎಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಆ ಚೀಟಿಗಳನ್ನು ಕೂಡಿಸಿ ಆವರಣದ ನಕ್ಷೆಯ ಮೇಲೆ ಗುರುತುಹಾಕಿದರೆ, ದೀಪದ ಕಂಬಗಳನ್ನು ಎಲ್ಲೆಲ್ಲಿ ನೆಡಬೇಕೆಂಬುದಕ್ಕೆ ಗುತ್ತಿಗೆದಾರನ ಸಲಹೆಯ ಅಗತ್ಯ ಬೀಳುವುದಿಲ್ಲ.